ಗೆಳೆಯನಿಗೊಂದು ಪತ್ರ: ನಿನ್ನ ಇ-ಪುಸ್ತಕ ಓದುಗರ ಕಣ್ಣಿಗೆ ಬೀಳುವುದು ಹೇಗೆ

ಪ್ರೀತಿಯ ಗೆಳೆಯಾ,

ನಿನ್ನ ಹನ್ನೊಂದು ಕಥೆಗಳ ಸಂಕಲನವನ್ನು ಅಚ್ಚಿನ ಜೊತೆಗೆ ಇ-ಪುಸ್ತಕವಾಗಿಯೂ ತರುತ್ತೀಯೆಂದು ತಿಳಿದು ತುಂಬಾ ಖುಷಿಯಾಯಿತು. "ಹಾಕುವುದೇನೋ ಹಾಕಬಹುದು, ಆದರೆ ಅದು ಅಲ್ಲಿ ಇದೆ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದು ಕೇಳಿದ್ದೀಯಲ್ಲ, ಸರಿಯಾದ ಪ್ರಶ್ನೆ. ಇ-ಪುಸ್ತಕ ಮಾಡುವುದು ಹೆಚ್ಚೆಂದರೆ ಎರಡು ವಾರದ ಕೆಲಸ. ಅದನ್ನು ಓದುಗರ ಕಣ್ಣಿಗೆ ಬೀಳಿಸುವುದು ಬೇರೆಯೇ ಕೆಲಸ. ಆದರೆ ಆ ಕೆಲಸದ ಮುಕ್ಕಾಲು ಪಾಲು ಪುಸ್ತಕ ಮಾಡುವಾಗಲೇ ಆಗಿಹೋಗಬೇಕು, ಆಮೇಲೆ ತಿದ್ದುವುದು ಕಷ್ಟ. ಅದಕ್ಕೇ ಕಡತ ಪುಟ ಕಟ್ಟುವ ಡಿಟಿಪಿಯವರಿಗೆ ಹೋಗುವ ಮೊದಲು ಈ ಪತ್ರ ನಿನ್ನ ಕೈಸೇರಲಿ ಎಂದು ಕೂತು ಬರೆಯುತ್ತಿದ್ದೇನೆ.

ಮೊದಲು ಓದುಗರು ಬರುವ ದಾರಿ ನೋಡೋಣ. ಹೆಸರೇ ಕೇಳಿರದ ಲೇಖಕನ ಪುಸ್ತಕವನ್ನು ಯಾರೂ ಅಂಗಡಿಗೆ ಹೋಗಿ ಹುಡುಕುವುದಿಲ್ಲ. ಮೊಬೈಲಿನ ಅಂಗಡಿಯಲ್ಲೂ ಅಷ್ಟೇ. "ಒಳ್ಳೆಯ ಕನ್ನಡ ಕಥೆಗಳು" ಎಂದು ಬರೆದು ಹುಡುಕಿದರೆ ಮಕ್ಕಳ ನೀತಿಕಥೆಗಳೂ "ಪಿಡಿಎಫ್ ಇಳಿಸಿಕೊಳ್ಳಿ" ಎನ್ನುವ ತಾಣಗಳೂ ಮುಂದೆ ನಿಲ್ಲುತ್ತವೆ, ಹೊಸ ಸಂಕಲನ ಅವುಗಳ ಹಿಂದೆಲ್ಲೋ ಇರುತ್ತದೆ. ನಿಜವಾಗಿ ನಡೆಯುವುದು ಹೀಗೆ: ಭಾನುವಾರದ ಪುರವಣಿಯಲ್ಲೋ, ಮಯೂರ, ತುಷಾರದಂಥ ಮಾಸಿಕದಲ್ಲೋ, ಕೆಂಡಸಂಪಿಗೆಯಂಥ ಜಾಲಪತ್ರಿಕೆಯಲ್ಲೋ ನಿನ್ನದೊಂದು ಕಥೆ ಓದಿ ಮುಗಿಸಿದವರು ಕಥೆಯ ಕೆಳಗಿನ ಹೆಸರು ನೋಡುತ್ತಾರೆ. ಹಿಡಿಸಿದ್ದರೆ ಆ ಹೆಸರನ್ನು ಮೊಬೈಲಿನಲ್ಲಿ ಬರೆದು ಹುಡುಕುತ್ತಾರೆ. ಇಲ್ಲವೇ ಯಾರದೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಮುಖಪುಟ ಕಂಡು "ಏನಿದು, ಹೇಗಿದೆ?" ಎಂದು ಕೇಳುತ್ತಾರೆ. ಇಲ್ಲವೇ ತಾವು ಮೆಚ್ಚುವ ಇನ್ನೊಬ್ಬ ಲೇಖಕರು "ಇದನ್ನು ಓದಿ ನೋಡಿ" ಅಂದಿರುತ್ತಾರೆ. ಮೂರರಲ್ಲೂ ಮೊದಲು ಸಿಗುವುದು ಬರಹದ ರುಚಿ ಅಥವಾ ಒಬ್ಬರ ಮಾತು, ಪುಸ್ತಕ ಆಮೇಲೆ. ರುಚಿ ಹತ್ತಿದ ಗಳಿಗೆಯಿಂದ ಪುಸ್ತಕ ತೆರೆಯುವ ತನಕ ಒಂದೆರಡು ನಿಮಿಷದ ದಾರಿ ಇದೆ. ಎಷ್ಟೋ ಒಳ್ಳೆಯ ಕನ್ನಡ ಪುಸ್ತಕಗಳು ತಪ್ಪಿಹೋಗುವುದು ಅಷ್ಟೇ ದಾರಿಯಲ್ಲಿ. ಆ ದಾರಿಯಲ್ಲಿರುವ ಕಲ್ಲುಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲ ಕಲ್ಲು ಹೆಸರಿನದು. ಎಂ. ಆರ್. ಶಂಕರ ಎಂಬ ಒಬ್ಬ ಲೇಖಕರಿದ್ದಾರೆ ಎಂದಿಟ್ಟುಕೋ. ಇನಿಶಿಯಲ್ಲನ್ನು ಒಂದು ಪತ್ರಿಕೆ "ಎಂ. ಆರ್." ಎಂದು ಹಾಕುತ್ತದೆ, ಇನ್ನೊಂದು ನಡುವೆ ಜಾಗ ಬಿಡದೆ "ಎಂ.ಆರ್." ಎನ್ನುತ್ತದೆ, ಮತ್ತೊಂದು "ಎಮ್.ಆರ್.", ಮಗದೊಂದು ಚುಕ್ಕಿಯೇ ಇಲ್ಲದ "ಎಂ ಆರ್". ಮುಂದೆ ಶಂಕರ ಅಥವಾ ಶಂಕರ್. ಒಬ್ಬರೇ ಮನುಷ್ಯ, ಕಂಪ್ಯೂಟರಿನ ಲೆಕ್ಕದಲ್ಲಿ ಎಂಟು ಜನ. ಇ-ಪುಸ್ತಕದ ಅಂಗಡಿಗಳಲ್ಲಿ ಲೇಖಕರ ಹೆಸರನ್ನು ಒತ್ತಿದರೆ ಅವರ ಉಳಿದ ಪುಸ್ತಕಗಳು ಸಾಲಾಗಿ ಬರಬೇಕು. ಒಂದರಲ್ಲಿ ಚುಕ್ಕಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆ ಸಾಲು ಮುರಿಯುತ್ತದೆ. ನಿನ್ನ ಒಂದು ಪುಸ್ತಕ ಮೆಚ್ಚಿದವರಿಗೆ ಎರಡನೆಯದು ಸಿಗುವುದೇ ಇಲ್ಲ. ಹಾಗಾಗಿ ಇವತ್ತೇ ಒಂದು ಬರವಣಿಗೆ ಗೊತ್ತು ಮಾಡು. ಅದನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಂಡು, ಎಲ್ಲೇ ಹೆಸರು ಕೊಡಬೇಕಾದರೂ ಹೊಸದಾಗಿ ಟೈಪ್ ಮಾಡದೆ ಅಲ್ಲಿಂದಲೇ ನಕಲು ಮಾಡಿ ಹಾಕು. ಪತ್ರಿಕೆಗೆ ಕಥೆ ಕಳಿಸುವಾಗಲೂ "ಹೆಸರು ಹೀಗೇ ಬರಲಿ" ಎಂದು ಸಂಪಾದಕರಿಗೆ ಒಂದು ಸಾಲು ಬರೆದರೆ ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವ ಕನ್ನಡಿಗರೂ ತುಂಬಾ ಜನ ಇದ್ದಾರೆ. ಹೆಸರಿನ ಕೊನೆಗೆ ಒಂದು 'ಎ' ಹೆಚ್ಚಾಗಬಹುದು, ನಡುವಿನ 'ಎಚ್' ಬಿಟ್ಟುಹೋಗಬಹುದು. ಪುಸ್ತಕದ ವಿವರಣೆಯ ಕೊನೆಯಲ್ಲಿ ಶೀರ್ಷಿಕೆಯನ್ನೂ ನಿನ್ನ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಬರೆದುಬಿಡು. ಶೀರ್ಷಿಕೆಯ ಜಾಗದಲ್ಲಿ ಮಾತ್ರ ಬೇಡ, ಅಲ್ಲಿ ಕನ್ನಡವೇ ಇರಲಿ.

ಈಗ ಸೊನ್ನೆಯ ವಿಷಯ. ಇದನ್ನು ನಿಧಾನಕ್ಕೆ ಓದು. ಯೂನಿಕೋಡ್ ಎಂದರೆ ಕಂಪ್ಯೂಟರು, ಮೊಬೈಲುಗಳೆಲ್ಲ ಅಕ್ಷರಗಳನ್ನು ಗುರುತಿಸಲು ಬಳಸುವ ಸಂಕೇತ ಪದ್ಧತಿ. ಕನ್ನಡ ಯೂನಿಕೋಡಿನಲ್ಲಿ ಕಣ್ಣಿಗೆ ಒಂದೇ ಥರ ಕಾಣುವ ಎರಡು ಸೊನ್ನೆಗಳಿವೆ. ಒಂದು ಅನುಸ್ವಾರ, ಇನ್ನೊಂದು ಅಂಕಿಯ ಸೊನ್ನೆ. ಬೆಂಗಳೂರು, ಬೆ೦ಗಳೂರು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ ನೋಡು, ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಅಂಕಿ. ಕೆಲವು ಫಾಂಟಿನಲ್ಲಿ ಗಾತ್ರದ ವ್ಯತ್ಯಾಸ ಸ್ವಲ್ಪ ತಿಳಿಯುತ್ತದೆ, ಕೆಲವದರಲ್ಲಿ ತಿಳಿಯುವುದೇ ಇಲ್ಲ. ಹಳೆಯ ಟೈಪಿಂಗ್ ಅಭ್ಯಾಸದಿಂದ, ಹಳೆಯ ಫಾಂಟನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳಿಂದ, ಪುಟದ ಚಿತ್ರದಿಂದ ಅಕ್ಷರ ಎತ್ತಿಕೊಳ್ಳುವ ಓಸಿಆರ್ ಮಾಡಿದ ಪಠ್ಯದಿಂದ ಈ ಅಂಕಿಸೊನ್ನೆ ಪದಗಳೊಳಗೆ ನುಸುಳುತ್ತದೆ. ಓದುವವರಿಗೆ ಏನೂ ತೊಂದರೆಯಿಲ್ಲ. ಹುಡುಕುವವರಿಗೆ ಪುಸ್ತಕವೇ ಇಲ್ಲ! ಶೀರ್ಷಿಕೆಯಲ್ಲಿ "ಶ೦ಕರ" ಎಂದು ಅಂಕಿಸೊನ್ನೆ ಕೂತಿದ್ದರೆ, "ಶಂಕರ" ಎಂದು ಸರಿಯಾಗಿ ಬರೆದು ಹುಡುಕುವ ಓದುಗರಿಗೆ ಅದು ಬೇರೆ ಪದ.

ಪರೀಕ್ಷೆ ಸುಲಭ. ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ಕಡತ ತೆರೆದು, ಈ ಪತ್ರದ "ಬೆ೦ಗಳೂರು"ವಿನಿಂದ ಆ ಅಂಕಿಸೊನ್ನೆಯನ್ನು ನಕಲು ಮಾಡಿ ಹುಡುಕುವ ಚೌಕದಲ್ಲಿ ಹಾಕು. ಅದು ಅಕ್ಷರದ ಬೆನ್ನಿಗೆ ಸಿಕ್ಕರೆ ತಪ್ಪು, ಅಂಕಿಯ ಬೆನ್ನಿಗೆ ಸಿಕ್ಕರೆ ಸರಿ. ಪುಸ್ತಕದಲ್ಲೆಲ್ಲಾ 1, 2, 3 ಎಂದೇ ಅಂಕಿ ಬಳಸಿದ್ದರೆ ಎಲ್ಲವನ್ನೂ ಒಂದೇ ಸಲಕ್ಕೆ ಬದಲಾಯಿಸಿಬಿಡಬಹುದು. ಕನ್ನಡ ಅಂಕಿ ಬಳಸಿದ್ದರೆ ಹಾಗೆ ಮಾಡಬೇಡ, ೧೦ ಇದ್ದದ್ದು ಒಂದರ ಪಕ್ಕ ಅನುಸ್ವಾರವಾಗಿ ಕೂರುತ್ತದೆ. ಆಗ ಒಂದೊಂದನ್ನೇ ನೋಡಿ ಬದಲಾಯಿಸಬೇಕು. ಇಂಥದ್ದೇ ಇನ್ನೊಂದು ತೊಡಕು "ರ‍್ಯಾಂಕ್", "ಫೇಸ್‌ಬುಕ್" ಥರದ ಪದಗಳದ್ದು. ಅವುಗಳೊಳಗೆ ಕಣ್ಣಿಗೆ ಕಾಣದ ಜೋಡಣೆಯ ಗುರುತು ಇರುತ್ತದೆ, ಅದನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕಥೆಯ ಒಳಗೆ ಇದ್ದರೆ ಇರಲಿ. ಪುಸ್ತಕದ ಶೀರ್ಷಿಕೆಗೆ ಮಾತ್ರ ಅಂಥ ಪದ ಬಾರದಂತೆ ನೋಡಿಕೊಂಡರೆ ಒಳ್ಳೆಯದು.

ಇನ್ನು ಡಿಟಿಪಿ. ಅಚ್ಚಿಗೆ ಪುಟ ಕಟ್ಟುವವರು ಪೇಜ್‌ಮೇಕರಿನಲ್ಲಿ ನುಡಿ ಅಥವಾ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್ ಹಾಕಿ ಕೆಲಸ ಮಾಡುವವರಾದರೆ, ಕೊನೆಗೆ ನಿನಗೊಂದು ಪಿಡಿಎಫ್ ಕೊಟ್ಟು "ಇದನ್ನೇ ಇ-ಬುಕ್ ಆಗಿ ಹಾಕಿ ಸಾರ್" ಎನ್ನುತ್ತಾರೆ. ಹಾಕಬೇಡ. ಆ ಪಿಡಿಎಫ್‌ನಲ್ಲಿ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ನೀನೇ ನೋಡಬಹುದು: ಒಂದು ಸಾಲನ್ನು ಹಿಡಿದು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸು. ಕನ್ನಡವೇ ಬಂದರೆ ಯೂನಿಕೋಡ್, ತಲೆಬುಡವಿಲ್ಲದ ಇಂಗ್ಲಿಷ್ ಬಂದರೆ ಹಳೆಯ ಫಾಂಟ್. ಗೂಗಲ್ಲಿಗೂ ಕಾಣುವುದು ಆ ತಲೆಬುಡವಿಲ್ಲದ್ದೇ. ಹೋಗಲಿ, ಯೂನಿಕೋಡಿನಲ್ಲೇ ಮಾಡಿದ ಪಿಡಿಎಫ್ ಆದರೂ ಒತ್ತಕ್ಷರಗಳು ನಕಲು ಮಾಡುವಾಗ ಹಿಂದುಮುಂದಾಗುತ್ತವೆ, ಮೊಬೈಲಿನಲ್ಲಿ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕಾಗುತ್ತದೆ. ಎರಡು ಪುಟ ಎಳೆದು ಸುಸ್ತಾದವರು ಮೂರನೆಯ ಪುಟಕ್ಕೆ ಬರುವುದಿಲ್ಲ. ಇ-ಪುಸ್ತಕಕ್ಕೆ ಇಪಬ್ ಕಡತವೇ ಬೇಕು. ಪರದೆಯ ಅಗಲಕ್ಕೆ ಸಾಲು ತಾನೇ ಹೊಂದಿಕೊಳ್ಳುತ್ತದೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು.

ನಿನ್ನ ಹಳೆಯ ಕಥೆಗಳು ನುಡಿಯಲ್ಲಿದ್ದರೆ ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ತಂದ ಮೇಲೆ ಎಲ್ಲಿ ಕೆಡುತ್ತದೆ ಎಂದು ಗೊತ್ತಿದ್ದರೆ ತಿದ್ದುವುದು ಬೇಗ ಆಗುತ್ತದೆ. ಅರ್ಕಾವತ್ತು ಒಂದಕ್ಷರ ಆಚೀಚೆ ಹೋಗುವುದುಂಟು, ಸೂರ್ಯ, ಕಾರ್ಯ, ವರ್ಷ ಇವನ್ನು ಹುಡುಕಿ ನೋಡು. ಉದ್ಧರಣ ಚಿಹ್ನೆಗಳು ಯಾವುದೋ ಅಕ್ಷರವಾಗಿರಬಹುದು. ಎಲ್ಲಕ್ಕಿಂತ ಮೋಸ ಮಾಡುವುದು ಕಥೆಯ ನಡುವೆ ಇಂಗ್ಲಿಷ್ ಲಿಪಿಯಲ್ಲೇ ಬರೆದ ಪದಗಳು. ಹಳೆಯ ಫಾಂಟಿನಲ್ಲಿ ಕನ್ನಡವೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುವುದರಿಂದ, ಪರಿವರ್ತಕ ಆ ಇಂಗ್ಲಿಷ್ ಪದವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಸಾಲು ಮಾಡಿಬಿಡುತ್ತದೆ. ಪೇಜ್‌ಮೇಕರಿನಿಂದ ಹೊರತೆಗೆದ ಪಠ್ಯವಾದರೆ ಪ್ರತಿ ಸಾಲಿನ ಕೊನೆಗೂ ಪ್ಯಾರಾ ಮುರಿದಿರುತ್ತದೆ, ಪದಗಳ ನಡುವೆ ಅಡ್ಡಗೆರೆ ಉಳಿದಿರುತ್ತದೆ. ಇದಕ್ಕೆಲ್ಲ ಒಂದೇ ಮದ್ದು: ಪುಟ ಕಟ್ಟುವ ಮೊದಲಿನ ಪಠ್ಯವನ್ನು ಯೂನಿಕೋಡಿಗೆ ತಂದು, ಕರಡು ತಿದ್ದಿ, ಅದನ್ನೇ ಮೂಲಪ್ರತಿ ಮಾಡಿಕೋ. ಅಚ್ಚಿಗೂ ಇ-ಪುಸ್ತಕಕ್ಕೂ ಅಲ್ಲಿಂದಲೇ ಹೋಗಲಿ. ಡಿಟಿಪಿಯಲ್ಲಿ ಆದ ಕೊನೆಯ ತಿದ್ದುಪಡಿಗಳನ್ನು ಮೂಲಪ್ರತಿಗೂ ಹಾಕುವುದನ್ನು ಮಾತ್ರ ಮರೆಯಬೇಡ.

ಇಪಬ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಪ್ರತಿ ಕಥೆಯ ಹೆಸರಿಗೂ "ಹೆಡಿಂಗ್ 1" ಶೈಲಿ ಕೊಟ್ಟು ಲಿಬ್ರೆ ಆಫೀಸಿನಿಂದ ನೇರವಾಗಿ ಇಪಬ್ ಆಗಿ ಉಳಿಸಬಹುದು, ಆಮೇಲೆ ಸಿಜಿಲ್ ಅಥವಾ ಕ್ಯಾಲಿಬರ್ ಎಂಬ ತಂತ್ರಾಂಶದಲ್ಲಿ ತೆರೆದು ತಿದ್ದಬಹುದು. ಎರಡೂ ಉಚಿತ. ಅಲ್ಲಿ ವಿವರಗಳ ಪಟ್ಟಿಯಲ್ಲಿ ಭಾಷೆ ಎಂಬ ಚೌಕ ಇರುತ್ತದೆ, ಅದರಲ್ಲಿ ತಾನಾಗಿ ಇಂಗ್ಲಿಷ್ ಎಂದು ಕೂತಿರುವುದು ಸಾಮಾನ್ಯ. ಅದನ್ನು ಕನ್ನಡ ಎಂದು ಮಾಡಲೇಬೇಕು. ಇಲ್ಲದಿದ್ದರೆ ಕನ್ನಡ ಪುಸ್ತಕಗಳನ್ನೇ ಸೋಸಿ ನೋಡುವ ಓದುಗರ ಪಟ್ಟಿಯಲ್ಲಿ ನಿನ್ನದು ಬರುವುದಿಲ್ಲ, ಮೊಬೈಲಿನಿಂದ ಗಟ್ಟಿಯಾಗಿ ಓದಿಸಿಕೊಳ್ಳುವವರಿಗೆ ಇಂಗ್ಲಿಷ್ ದನಿ ಎದುರಾಗುತ್ತದೆ.

ಮುಖಪುಟಕ್ಕೆ ಅಗಲ 1600, ಎತ್ತರ 2560 ಪಿಕ್ಸೆಲ್ ಇಟ್ಟುಕೊಂಡರೆ ಎಲ್ಲಾ ಕಡೆ ನಡೆಯುತ್ತದೆ. ಆದರೆ ಒಪ್ಪುವ ಮೊದಲು ಅದನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡು. ಅಂಗಡಿಯಲ್ಲಿ ಅದು ಕಾಣುವುದು ಹೆಚ್ಚುಕಡಿಮೆ ಅಷ್ಟೇ. ಕಲಾವಿದರು ಬಿಡಿಸಿದ ಸೂಕ್ಷ್ಮ ಗೆರೆಗಳು ಆ ಗಾತ್ರದಲ್ಲಿ ಮಸಿಯಾಗುತ್ತವೆ, ಒತ್ತಕ್ಷರಗಳು ಕೂಡಿಹೋಗುತ್ತವೆ. ಶೀರ್ಷಿಕೆ ಓದಲು ಬಂದರೆ ಸಾಕು.

ಈಗ ಎಲ್ಲರೂ ತಪ್ಪುವ ಒಂದು ಕಡೆಗೆ ಬರುತ್ತೇನೆ. ನಮ್ಮ ಪುಸ್ತಕಗಳಲ್ಲಿ ಮುನ್ನುಡಿಗೆ ದೊಡ್ಡ ಜಾಗ. ಹಿರಿಯರ ಮುನ್ನುಡಿ, ಆಮೇಲೆ ಲೇಖಕರ ಮಾತು, ಆಮೇಲೆ ಕೃತಜ್ಞತೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ (ಗೂಗಲ್ಲಿನ ಇ-ಪುಸ್ತಕದ ಅಂಗಡಿ) ಓದುಗರಿಗೆ ಉಚಿತವಾಗಿ ತೋರಿಸುವ ಮಾದರಿ ಸಾಮಾನ್ಯವಾಗಿ ಪುಸ್ತಕದ ಮೊದಲ ಶೇ. 20. ನಿನ್ನ ಪುಸ್ತಕ 120 ಪುಟ ಅಂದರೆ 24 ಪುಟ. ಮುನ್ನುಡಿ 10, ನಿನ್ನ ಮಾತು 4, ಕೃತಜ್ಞತೆ 2, ಅರ್ಪಣೆ ಪರಿವಿಡಿ ಸೇರಿ 2. ಅಲ್ಲಿಗೆ 18 ಪುಟ ಖರ್ಚಾಯಿತು. ಉಳಿದ 6 ಪುಟದಲ್ಲಿ ನಿನ್ನ ಮೊದಲ ಕಥೆ ಇನ್ನೂ ಊರು ಪರಿಚಯಿಸುತ್ತಿರುವಾಗಲೇ ಮಾದರಿ ಮುಗಿದುಹೋಗುತ್ತದೆ. ರುಚಿ ನೋಡಲು ಬಂದವರಿಗೆ ಸಿಕ್ಕಿದ್ದು ಬೇರೆಯವರ ಬರಹ! ಅಚ್ಚಿನ ಪುಸ್ತಕದಲ್ಲಿ ಮುನ್ನುಡಿ ಎಲ್ಲಿತ್ತೋ ಅಲ್ಲೇ ಇರಲಿ. ಇ-ಪುಸ್ತಕದಲ್ಲಿ ಅದನ್ನೂ ಉಳಿದ ಮಾತುಗಳನ್ನೂ ಕೊನೆಗೆ ಹಾಕು, ಬರೆದುಕೊಟ್ಟ ಹಿರಿಯರಿಗೆ ಕಾರಣವನ್ನು ಮೊದಲೇ ವಿನಯದಿಂದ ಹೇಳು. ಮೊದಲ ಕಥೆಯಾಗಿ ನಿನ್ನ ಅತ್ಯುತ್ತಮ ಕಥೆ ಬರಲಿ, ಅದು ಮಾದರಿಯೊಳಗೆ ಪೂರ್ತಿ ಮುಗಿಯುವಷ್ಟು ಚಿಕ್ಕದಿದ್ದರೆ ಇನ್ನೂ ಒಳ್ಳೆಯದು. ಒಂದು ಕಥೆ ಇಡಿಯಾಗಿ ಓದಿ ಮುಗಿಸಿದವರೇ ಮುಂದಿನ ಹತ್ತು ಕಥೆ ಕೊಳ್ಳುವವರು. ಬೇಕಿದ್ದರೆ ಮಾದರಿಯ ಪ್ರಮಾಣವನ್ನು ಹೆಚ್ಚಿಸಲೂ ಬರುತ್ತದೆ.

ವಿವರಣೆ ಬರೆಯುವಾಗ ಬೆನ್ನುಡಿಯನ್ನೇ ತಂದು ಹಾಕಬೇಡ. "ಬದುಕಿನ ನಾನಾ ಮಗ್ಗುಲುಗಳನ್ನು ಮನಮುಟ್ಟುವಂತೆ ಕಟ್ಟಿಕೊಡುವ ಭರವಸೆಯ ಕಥೆಗಾರ" ಎಂಬ ಸಾಲು ಯಾರ ಪುಸ್ತಕಕ್ಕೂ ಹೊಂದುತ್ತದೆ, ಅದರಲ್ಲಿ ಹುಡುಕಲು ಸಿಗುವ ಒಂದು ಪದವೂ ಇಲ್ಲ. ಅದರ ಬದಲು ಹೀಗೆ ಬರೆ: "ತೀರ್ಥಹಳ್ಳಿ ಸುತ್ತಿನ ಅಡಿಕೆ ತೋಟ, ಸಹಕಾರ ಸಂಘ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳ ನಡುವೆ ನಡೆಯುವ ಹನ್ನೊಂದು ಕಥೆಗಳು. ಅಡಿಕೆ ಇಳಿಸುವ ಕೊನೆಗಾರ ಬಾರದೆ ಕಂಗೆಟ್ಟ ಮುದುಕ, ತೋಟ ಮಾರಲು ಬೆಂಗಳೂರಿನಿಂದ ಬಂದ ಮಗಳು." ಮಲೆನಾಡು, ಅಡಿಕೆ, ತೀರ್ಥಹಳ್ಳಿ ಎಂದು ಹುಡುಕುವವರು ಇದ್ದಾರೆ. "ಬದುಕಿನ ಮಗ್ಗುಲು" ಎಂದು ಹುಡುಕುವವರು ಯಾರೂ ಇಲ್ಲ. ಮೊದಲ ಎರಡು ಸಾಲಿನಲ್ಲೇ ಇದೆಲ್ಲ ಬರಲಿ, ಮೊಬೈಲಿನಲ್ಲಿ ಅಷ್ಟು ತೋರಿಸಿ ಉಳಿದದ್ದನ್ನು ಮಡಚಿಟ್ಟಿರುತ್ತಾರೆ.

ಎಲ್ಲಿ ಹಾಕಬೇಕು ಎಂದೂ ಕೇಳಿದ್ದೀಯ. ಅಮೆಜಾನಿನ ಇ-ಪುಸ್ತಕದ ಅಂಗಡಿ ಕಿಂಡಲ್ ಬಗ್ಗೆ ನಿನಗಿರುವ ಆಸೆ ನನಗೆ ಗೊತ್ತು. 2016ರ ಕೊನೆಯಲ್ಲಿ ಅಮೆಜಾನ್ ಭಾರತೀಯ ಭಾಷೆಗಳಿಗೆ ಕಿಂಡಲ್ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ತಮಿಳಿನಲ್ಲಿ ಸ್ವಂತವಾಗಿ ಪ್ರಕಟಿಸುವ ಲೇಖಕರಿಗೆ ಅಲ್ಲೊಂದು ದೊಡ್ಡ ಬಾಗಿಲು ಸಿಕ್ಕಿತು, ನಮ್ಮವರಿಗೆ ಸಿಗಲಿಲ್ಲ. ಕನ್ನಡದ ಇ-ಪುಸ್ತಕಗಳು ಬೇರೆ ದಾರಿ ಹಿಡಿದದ್ದಕ್ಕೆ ಇದು ದೊಡ್ಡ ಕಾರಣ. ಹೇಗೋ ಮಾಡಿ, ಬೇರೆ ಭಾಷೆಯ ಹೆಸರು ಹೇಳಿ ಕನ್ನಡ ಪುಸ್ತಕವನ್ನು ಅಲ್ಲಿ ಸೇರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡ. ಭಾಷೆ ತಪ್ಪಾಗಿ ನಮೂದಾದ ಪುಸ್ತಕವನ್ನು ಯಾರೂ ಹುಡುಕಿ ತೆಗೆಯಲಾರರು.

ನಿನ್ನ ಥರದ ಸಂಕಲನಕ್ಕೆ ಗೂಗಲ್ ಪ್ಲೇ ಬುಕ್ಸ್ ಮೊದಲು. ಕಾರಣ ಅಲ್ಲಿನ ವ್ಯಾಪಾರಕ್ಕಿಂತ ಹುಡುಕಾಟ. ಗೂಗಲ್ ಬುಕ್ಸ್ ಪುಸ್ತಕದ ಹೆಸರನ್ನಷ್ಟೇ ಅಲ್ಲ, ಒಳಗಿನ ಪಠ್ಯವನ್ನೂ ಹುಡುಕಾಟಕ್ಕೆ ಸೇರಿಸಿಕೊಳ್ಳುತ್ತದೆ. ಯೂನಿಕೋಡ್, ಸೊನ್ನೆ ಅಂತ ಇಷ್ಟು ಹೊತ್ತು ನಿನ್ನ ತಲೆ ತಿಂದದ್ದು ಇದಕ್ಕೇ. ಸಾಮಾನ್ಯ ಆ್ಯಂಡ್ರಾಯ್ಡ್ ಮೊಬೈಲು ಇರುವವರು ಹೊಸ ಖಾತೆ ತೆರೆಯದೆ ಕೊಳ್ಳಬಹುದು ಎಂಬುದೂ ಒಂದು ಅನುಕೂಲ. ಎರಡನೆಯದು ಮೈಲ್ಯಾಂಗ್ ಎಂಬ ಆ್ಯಪ್. ಬೆಂಗಳೂರಿನಲ್ಲಿ 2020ರಲ್ಲಿ ಶುರುವಾದದ್ದು, ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕಗಳಿಗೆ ಒತ್ತು. ಅಲ್ಲಿಗೆ ಬರುವವರು ಕನ್ನಡ ಓದಲೆಂದೇ ಬಂದವರು, ಹಾಗಾಗಿ ಮೊದಲ ಪರದೆಯಲ್ಲಿ ಕಂಡ ಹೊಸ ಮುಖಪುಟವನ್ನು ಒತ್ತಿ ನೋಡುವ ಸಾಧ್ಯತೆ ಹೆಚ್ಚು. ಹೊಸ ಪುಸ್ತಕ ಮೇಲಿನ ಸಾಲಿನಲ್ಲಿ ಇರುವುದು ಕೆಲವೇ ದಿನ. ನಿನ್ನ ಪುಸ್ತಕ ಬಿಡುಗಡೆ, ಪತ್ರಿಕೆಯ ಕಥೆ ಎಲ್ಲವೂ ಆ ದಿನಗಳಲ್ಲೇ ಬರುವಂತೆ ಹೊಂದಿಸಿಕೋ.

ಲೇಖಕರು ತಾವೇ ಕಥೆ ಹಾಕುವ ಪ್ರತಿಲಿಪಿ ಆ್ಯಪ್‌ನದು ಬೇರೆ ಲೋಕ. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು. ಅಲ್ಲಿ ಕಂತು ಕಂತಾಗಿ ಬರುವ ಕಾದಂಬರಿಗಳಿಗೆ ನಿಷ್ಠಾವಂತ ಓದುಗರಿದ್ದಾರೆ, ಅವರಲ್ಲಿ ಅನೇಕರು ಪುಸ್ತಕದಂಗಡಿಗೆ ಕಾಲಿಡದವರು. ಅವರನ್ನು ಕಡಿಮೆ ಎಂದು ಎಣಿಸಬೇಡ. ಹಿಡಿಸಿದ ಕಥೆಗೆ ದಿನಾ ಕಾದು ಓದುತ್ತಾರೆ, ಮನಸ್ಸು ಬಿಚ್ಚಿ ಬರೆಯುತ್ತಾರೆ. ಆದರೆ ಓದಿನ ಸಂಖ್ಯೆ ನೋಡಿ ಮೋಸಹೋಗಬಾರದು. ಐವತ್ತು ಕಂತಿನ ಕಾದಂಬರಿಯನ್ನು ಒಬ್ಬರು ಓದಿದರೂ ಐವತ್ತು ಓದು ಸೇರುತ್ತವೆ. ಮೊದಲ ಕಂತಿಗೂ ಹತ್ತನೆಯ ಕಂತಿಗೂ ಬಂದ ಪ್ರತಿಕ್ರಿಯೆಗಳನ್ನು ಹೋಲಿಸಿದರೆ ಎಷ್ಟು ಜನ ಉಳಿದರು ಎಂದು ತಿಳಿಯುತ್ತದೆ. ಮತ್ತೊಂದು ಮಾತು, ಆ ಆ್ಯಪ್‌ಗೆ ಒಗ್ಗಿದವರು ಅದನ್ನು ಬಿಟ್ಟು ಬೇರೆ ಕಡೆ ಹೋಗಿ ದುಡ್ಡು ಕೊಟ್ಟು ಕೊಳ್ಳುವುದು ಕಡಿಮೆ. ನಿನ್ನವು ಬಿಡಿ ಕಥೆಗಳಾದ್ದರಿಂದ ಎರಡನ್ನು ಅಲ್ಲಿ ಹಾಕಿ ನೋಡು, ಇಡೀ ಸಂಕಲನ ಬೇಡ.

ಅಂಗಡಿಗಳ ಮಾತು ಸಾಕು. ಓದುಗರನ್ನು ನಿಜವಾಗಿ ತರುವುದು ನಿನ್ನ ಕಥೆಯ ಕೆಳಗೆ ಬರುವ ಒಂದು ಸಾಲು. ಪತ್ರಿಕೆಗೆ ಕಥೆ ಕಳಿಸುವಾಗ ಪರಿಚಯದಲ್ಲಿ ಹುಟ್ಟಿದೂರು, ಓದು, ಉದ್ಯೋಗ, ಹವ್ಯಾಸ ಎಲ್ಲಾ ಬರೆಯುತ್ತೇವೆ, ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಬರೆಯುವುದೇ ಇಲ್ಲ. ನೀನು ಮೂರೇ ವಿಷಯ ಬರೆ: ಹೆಸರು, ಸಂಕಲನದ ಹೆಸರು, ಯಾವ ಆ್ಯಪ್‌ನಲ್ಲಿ ಇದೆ. ಸಂಕಲನ ಬರುವ ಮೊದಲ ಎರಡು ಮೂರು ತಿಂಗಳಲ್ಲಿ ಎರಡು ಕಥೆಗಳಾದರೂ ಅಚ್ಚಾಗಿರಲಿ. ದೀಪಾವಳಿ ವಿಶೇಷಾಂಕಗಳ ಹೊತ್ತಿಗೆ ಕಥೆ ಓದುವ ಮನಸ್ಸು ಜನರಲ್ಲಿ ಹೆಚ್ಚಿರುತ್ತದೆ, ಅದರ ಬೆನ್ನಿಗೇ ನವೆಂಬರಿನ ರಾಜ್ಯೋತ್ಸವದ ರಿಯಾಯಿತಿಗಳು. ಆ ಎರಡು ತಿಂಗಳನ್ನು ಬಿಡಬೇಡ. ವಿಶೇಷಾಂಕಗಳಿಗೆ ಕಥೆ ತಿಂಗಳುಗಟ್ಟಲೆ ಮೊದಲೇ ಹೋಗಬೇಕು ಎಂಬುದು ನೆನಪಿರಲಿ.

ಬುಕ್ ಬ್ರಹ್ಮ, ಅವಧಿ, ಋತುಮಾನದಂಥ ಸಾಹಿತ್ಯದ ಜಾಲತಾಣಗಳಲ್ಲಿ ಹೊಸ ಪುಸ್ತಕದ ಪರಿಚಯವನ್ನೋ ಆಯ್ದ ಭಾಗವನ್ನೋ ಓದಿ ಪುಸ್ತಕದ ಬೆನ್ನು ಹತ್ತುವವರಿದ್ದಾರೆ. ಪರಿಚಯ ಲೇಖನಕ್ಕಿಂತ ಆಯ್ದ ಭಾಗವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಛಂದ ಪುಸ್ತಕ ಪ್ರಕಾಶನದವರು ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿಕೊಂಡು ಬಂದಿದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. ಹಣ ಹಾಗಿರಲಿ, ಅಲ್ಲಿ ಆಯ್ಕೆಯಾದ ಹೆಸರುಗಳ ಪಟ್ಟಿಯನ್ನು ಹೊಸಬರನ್ನು ಹುಡುಕುವ ಓದುಗರು ನೋಡುತ್ತಾರೆ. ನೀನೂ ನೋಡು. ನಿನ್ನ ಜೊತೆಗೇ ಮೊದಲ ಪುಸ್ತಕ ತಂದವರನ್ನು ಓದಿ, ಮನಸ್ಸಿಗೆ ಬಂದದ್ದರ ಬಗ್ಗೆ ನಾಲ್ಕು ಸಾಲು ಪ್ರಾಮಾಣಿಕವಾಗಿ ಬರೆ. ಹೊಸ ಲೇಖಕರ ಪುಸ್ತಕ ಓದಿದವರು ಇನ್ನೊಬ್ಬ ಹೊಸ ಲೇಖಕರನ್ನು ಓದುವುದು ಬೇಗ, ನಿನ್ನ ಓದುಗರು ಇರುವುದು ಅವರ ಓದುಗರ ನಡುವೆಯೇ.

ವಾಟ್ಸ್‌ಆ್ಯಪ್‌ನಲ್ಲಿ ಹಂಚುವಾಗ ಆಗುವ ತಪ್ಪು ಒಂದೇ. ಮುಖಪುಟದ ಚಿತ್ರ ಒಂದು ಸಂದೇಶ, ಕೊಂಡಿ ಇನ್ನೊಂದು ಸಂದೇಶ. ಮುಂದೆ ಕಳಿಸುವವರು ಚಿತ್ರವನ್ನಷ್ಟೇ ಕಳಿಸುತ್ತಾರೆ, ಮೂರನೆಯವರ ಕೈಗೆ 'ಎಲ್ಲಿ ಸಿಗುತ್ತದೆ' ಎಂಬುದೇ ಇಲ್ಲದ ಚಿತ್ರ ಸಿಗುತ್ತದೆ. ಕೊಂಡಿಯನ್ನು ಚಿತ್ರದ ಕೆಳಗಿನ ಬರಹವಾಗಿಯೇ ಹಾಕು, ಜೊತೆಗೆ ಚಿತ್ರದ ಒಳಗೇ "ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಲಭ್ಯ" ಎಂದು ಓದಲು ಬರುವಷ್ಟು ದೊಡ್ಡದಾಗಿ ಬರೆಸು. ಬಿಡುಗಡೆಯ ದಿನ ಸಭೆಗೆ ಬಂದವರಿಗೆ ಕೊಡುವ ಬುಕ್‌ಮಾರ್ಕಿನ ಮೇಲೆ ಕ್ಯೂಆರ್ ಕೋಡ್ ಇರಲಿ, ಅಚ್ಚಿಗೆ ಕೊಡುವ ಮೊದಲು ಎರಡು ಮೂರು ಮೊಬೈಲಿನಲ್ಲಿ ಅದನ್ನು ಸ್ಕ್ಯಾನ್ ಮಾಡಿ ನೋಡು.

ವಿಮರ್ಶೆ ಬರೆಯುವವರಿಗೆ ಪೂರ್ತಿ ಪುಸ್ತಕದ ಪಿಡಿಎಫ್ ಕಳಿಸಬೇಡ, ಎಷ್ಟೇ ಆಪ್ತರಾದರೂ ಸರಿ. ಅವರು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಮೆಚ್ಚಿಕೊಂಡು ಒಬ್ಬರಿಗೆ ಕಳಿಸುತ್ತಾರೆ, ಅವರು ಒಂದು ಗುಂಪಿಗೆ ಹಾಕುತ್ತಾರೆ, ಅಲ್ಲಿಂದ ಟೆಲಿಗ್ರಾಂಗೆ ಹೋಗುತ್ತದೆ. ಆಮೇಲೆ ನಿನ್ನ ಪುಸ್ತಕದ ಹೆಸರು ಹುಡುಕಿದಾಗ ಮೊದಲು ಕಾಣುವುದು ಆ ಕದ್ದ ಪ್ರತಿ. ಗೂಗಲ್ ಪ್ಲೇಯ ಪ್ರಕಾಶಕರ ಖಾತೆಯಲ್ಲಿ ವಿಮರ್ಶಕರ ಜಿಮೇಲ್ ವಿಳಾಸ ಸೇರಿಸಿ ಅವರಿಗೆ ಪುಸ್ತಕ ತೆರೆದುಕೊಡುವ ವ್ಯವಸ್ಥೆ ಇದೆ, ಅದನ್ನು ಬಳಸು. ಬಂದ ಪ್ರತಿಕ್ರಿಯೆಗಳಲ್ಲಿ "ಸೂಪರ್ ಸರ್" ಎಂಬ ಇಪ್ಪತ್ತು ಸಾಲಿಗಿಂತ, ಯಾವ ಕಥೆ ಯಾಕೆ ಹಿಡಿಸಿತು, ಯಾವುದು ಸೊರಗಿತು ಎಂದು ಹೇಳುವ ಮೂರು ಸಾಲು ಹೆಚ್ಚು ಓದುಗರನ್ನು ತರುತ್ತದೆ. ಗುಡ್‌ರೀಡ್ಸ್‌ನಲ್ಲೂ (ಓದುಗರು ಪುಸ್ತಕಗಳ ಬಗ್ಗೆ ಅನಿಸಿಕೆ ಬರೆಯುವ ತಾಣ) ಪುಸ್ತಕ ಸೇರುವಂತೆ ನೋಡಿಕೋ. ಬೇರೆ ಯಾರೋ ತಮಗೆ ತೋಚಿದ ಕಾಗುಣಿತದಲ್ಲಿ ಸೇರಿಸುವ ಮೊದಲು ನೀನೇ ಮುಂದಾಗುವುದು ಮೇಲು.

ಲೆಕ್ಕದ ಎರಡು ಮಾತು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ಉಚಿತ, ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಚ್ಚಿನ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು, ಬೇರೆ ಬೇರೆ ಸಂಖ್ಯೆ. ಅಚ್ಚಿನ ರೂಪವೂ ಇರುವ ಇ-ಪುಸ್ತಕಕ್ಕೆ 2018ರ ಜುಲೈನಿಂದ ಜಿಎಸ್‌ಟಿ ಶೇ. 5, ಅಚ್ಚೇ ಆಗದ ಇ-ಪುಸ್ತಕಕ್ಕೆ ಶೇ. 18. ಅಚ್ಚಿನ ಪುಸ್ತಕಕ್ಕೆ ತೆರಿಗೆಯೇ ಇಲ್ಲ. ನೀನು ಹೇಗೂ ಅಚ್ಚು ಹಾಕಿಸುತ್ತಿರುವುದರಿಂದ ಅದನ್ನೂ ವಿವರದಲ್ಲಿ ನಮೂದಿಸು.

ಹೊರದೇಶದ ಕನ್ನಡಿಗರನ್ನು ಮಾತ್ರ ಮರೆಯಬೇಡ. ಅವರಿಗೆ ಅಂಚೆಯಲ್ಲಿ ಪುಸ್ತಕ ತರಿಸಿದರೆ ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚವೇ ಹೆಚ್ಚು, ಆದ್ದರಿಂದ ಇ-ಪುಸ್ತಕ ನಿಜವಾಗಿ ಬೇಕಾಗಿರುವುದು ಅವರಿಗೆ. ಆದರೆ ಗೂಗಲ್ ಪ್ಲೇಯಲ್ಲಿ ಬೆಲೆ ತುಂಬುವಾಗ ಭಾರತಕ್ಕೆ ಮಾತ್ರ ತುಂಬಿ ಬಿಟ್ಟರೆ ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಇರುವವರಿಗೆ ಪುಸ್ತಕ ಕೊಳ್ಳಲು ಸಿಗುವುದೇ ಇಲ್ಲ. ನಿನಗೆ ಅದು ಗೊತ್ತೂ ಆಗುವುದಿಲ್ಲ, ಏಕೆಂದರೆ ಇಲ್ಲಿಂದ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಮಾರಾಟದ ದೇಶಗಳಲ್ಲಿ ಇಡೀ ಜಗತ್ತನ್ನು ಆರಿಸಿ, ಹೊರಗಿರುವ ನೆಂಟರೊಬ್ಬರಿಂದ ಒಮ್ಮೆ ತೆರೆಸಿ ನೋಡು. ಅಮೆರಿಕದಲ್ಲಿ ಕನ್ನಡ ಸಾಹಿತ್ಯ ರಂಗ ಎಂಬ ಸಂಸ್ಥೆ ಎರಡು ವರ್ಷಕ್ಕೊಮ್ಮೆ ಸಾಹಿತ್ಯೋತ್ಸವ ನಡೆಸುತ್ತದೆ, ಊರೂರಿನ ಕನ್ನಡ ಕೂಟಗಳಲ್ಲಿ ಓದುವ ಬಳಗಗಳಿರುತ್ತವೆ. ಅಂಥ ಒಂದು ಬಳಗ ನಿನ್ನ ಒಂದು ಕಥೆಯನ್ನು ತಿಂಗಳ ಓದಿಗೆ ಎತ್ತಿಕೊಂಡರೆ ಹತ್ತು ಹದಿನೈದು ಜನ ಒಂದೇ ವಾರದಲ್ಲಿ ಓದಿರುತ್ತಾರೆ, ಓದಿದ ಮೇಲೆ ಮಾತಾಡುತ್ತಾರೆ.

ಸದ್ಯಕ್ಕೆ ಇಷ್ಟು. ಡಿಟಿಪಿಯವರಿಗೆ ಕೊಡುವ ಮೊದಲು ಮೊದಲ ಕಥೆಯ ಯೂನಿಕೋಡ್ ಕಡತ, ನೀನು ಗೊತ್ತು ಮಾಡಿದ ಹೆಸರಿನ ಬರವಣಿಗೆ, ವಿವರಣೆಯ ಎರಡು ಸಾಲು, ಈ ಮೂರನ್ನೂ ನನಗೆ ಕಳಿಸು. ಸೊನ್ನೆಗಳನ್ನು ಹುಡುಕಿ, ಅರ್ಕಾವತ್ತು ನೋಡಿ, ಎರಡು ದಿನದಲ್ಲಿ ತಿರುಗಿ ಕಳಿಸುತ್ತೇನೆ. ಮುನ್ನುಡಿಯ ಹಿರಿಯರಿಗೆ ಮಾತ್ರ ನೀನೇ ಫೋನ್ ಮಾಡಿ ಹೇಳು.

ನಿನ್ನ ಪ್ರೀತಿಯ
ಗೆಳೆಯ